ಹಾಲು ಶುದ್ಧ ವಸ್ತುವೇ?

ಮನೆಯಲ್ಲಿ ಒಂಬತ್ತನೇ ತರಗತಿಯ ಮಗುವಿದ್ದರೆ ಒಮ್ಮೆ ಕೇಳಿ ನೋಡಿ: ಹಾಲು ಶುದ್ಧ ವಸ್ತುವೇ? ಹೌದು ಎಂದರೆ ಬೈಯಬೇಡಿ. ತಪ್ಪು ಮಗುವಿನದಲ್ಲ, ಪದದ್ದು. ಹಾಲು ಮಾರುವವರಿಗೆ ಶುದ್ಧ ಎಂದರೆ ನೀರು ಬೆರೆಸದ್ದು. ರಸಾಯನ ವಿಜ್ಞಾನಕ್ಕೆ ಅಷ್ಟು ಸಾಲದು. ಎಲ್ಲಿಂದ ತೆಗೆದು ನೋಡಿದರೂ ಒಂದೇ ವಸ್ತು ಇರಬೇಕು. ಆಗಷ್ಟೇ ಕರೆದ ಹಸುವಿನ ಹಾಲಿನಲ್ಲೂ 100ಕ್ಕೆ ಸುಮಾರು 87 ಪಾಲು ನೀರೇ! ಉಳಿದದ್ದು ಕೊಬ್ಬು, ಪ್ರೋಟೀನು, ಸಕ್ಕರೆ, ಲವಣ. ಕಾಯಿಸಿ ಕೆನೆ ತೆಗೆದು, ಹೆಪ್ಪು ಹಾಕಿ, ಕಡೆದು ಬೆಣ್ಣೆ ಎತ್ತುತ್ತಿದ್ದ ನಮ್ಮ ಅಜ್ಜಿಯಂದಿರು ದಿನಾ ಮಾಡುತ್ತಿದ್ದುದು ಮಿಶ್ರಣ ಬೇರ್ಪಡಿಸುವ ಕೆಲಸವನ್ನೇ.

ಮಕ್ಕಳು ಎಡವುವ ಇನ್ನೊಂದು ಜಾಗ ಉಪ್ಪು. ಸೋಡಿಯಂ, ಕ್ಲೋರಿನ್ ಎರಡೂ ಇದ್ದರೂ ಸೋಡಿಯಂ ಕ್ಲೋರೈಡ್ ಶುದ್ಧ ವಸ್ತುವೇ. ಅವು ಬರೀ ಬೆರೆತಿಲ್ಲ, ರಾಸಾಯನಿಕವಾಗಿ ಕೂಡಿ ಸಂಯುಕ್ತವಾಗಿವೆ. ಪ್ರಮಾಣ ಎಂದೂ ಬದಲಾಗದು. ಪಾನಕ ಹಾಗಲ್ಲ, ಬೆಲ್ಲ ಹೆಚ್ಚಾದರೂ ಕಡಿಮೆಯಾದರೂ ಪಾನಕವೇ. (ಅಂಗಡಿಯ ಅಯೋಡಿನ್‌ಯುಕ್ತ ಉಪ್ಪು ಮಿಶ್ರಣ, ಮರೆಯಬೇಡಿ.) 916 ಚಿನ್ನವೂ ಮಿಶ್ರಣ: 1000ಕ್ಕೆ 916 ಪಾಲು ಚಿನ್ನ, ಮಿಕ್ಕದ್ದು ತಾಮ್ರ, ಬೆಳ್ಳಿಯಂಥ ಲೋಹ.

ಬಾಯಿಪಾಠ ಮಾಡಿಸುವ ಮೊದಲು ಇಷ್ಟು ಮಾಡಿ. ಒಂದು ಸ್ಟೀಲ್ ತಟ್ಟೆಯ ಈ ಬದಿಗೆ ಒಂದು ಚಮಚ ಬೋರ್‌ವೆಲ್ ನೀರು, ಆ ಬದಿಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಿಟ್ಟು ಬಿಸಿಲಿಗಿಡಿ. ಒಣಗಿದ ಮೇಲೆ ಬಿಳಿ ಕಲೆ ಯಾವ ಬದಿಯಲ್ಲಿದೆ, ಮಗುವೇ ಹೇಳಲಿ.