ಕಬ್ಬಿಣಾಂಶದ ಮಾತ್ರೆ: ಮನೆಗೆ ಬಂದದ್ದು ಹೊಟ್ಟೆಗೂ ಸೇರಲಿ



"ಸುಸ್ತು ಕಣಕ್ಕಾ, ಒಂದು ಕೊಡ ನೀರು ತಂದ್ರೆ ಏದುಸಿರು ಬರ್ತದೆ" ಎಂಬ ಮಾತು ನಮ್ಮ ಸಭೆಗಳಿಗೆ ಹೊಸದಲ್ಲ. ಕೆಲಸ ಹೆಚ್ಚಾಯ್ತು ಅಂತ ಸುಮ್ಮನಾಗುತ್ತೇವೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು.

ನಾವು ಉಸಿರಾಡುವ ಆಮ್ಲಜನಕವನ್ನು ಮೈಯೆಲ್ಲಾ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಅದು ತಯಾರಾಗಲು ಕಬ್ಬಿಣ ಬೇಕೇ ಬೇಕು. ಮುಟ್ಟಿನಲ್ಲಿ, ಹೆರಿಗೆಯಲ್ಲಿ ರಕ್ತದ ಜೊತೆ ಕಬ್ಬಿಣವೂ ಹೋಗುತ್ತದೆ. ಹೊಟ್ಟೆಯ ಕೊಕ್ಕೆಹುಳು ಬೇರೆ ರಕ್ತ ಹೀರುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗೆ ಹೋದರೆ, ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಾಯಿಯ ಜೀವಕ್ಕೇ ಅಪಾಯ.

ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕೆಂಪು ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಶಾಲೆಗೆ ಹೋಗುವ ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ಮಾತ್ರೆ ಮನೆಗೆ ಬರುತ್ತದೆ, ಎಷ್ಟೋ ಕಡೆ ಡಬ್ಬದಲ್ಲೇ ಉಳಿಯುತ್ತದೆ. ಯಾಕೆ?

ಮಲ ಕಪ್ಪಾಯ್ತು ಅಂತ ಒಬ್ಬರು ಹೆದರುತ್ತಾರೆ. ದೇಹ ಹೀರದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಹಾಗಾಗುತ್ತದೆ, ಅಷ್ಟೆ. ಮಗು ಕಪ್ಪಾಗುತ್ತದೆ ಎಂಬ ಮಾತಂತೂ ಸುಳ್ಳು, ಮಗುವಿನ ಬಣ್ಣ ತಂದೆ-ತಾಯಿಯಿಂದ ಬರುವುದು. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಿ. ಆಗಲೂ ಆಗದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ನೀವಾಗಿಯೇ ಬಿಡಬೇಡಿ. ಎಂಟು ದಿನ ನುಂಗಿ "ಏನೂ ಪ್ರಯೋಜನ ಇಲ್ಲ" ಎನ್ನುವವರೂ ಇದ್ದಾರೆ. ರಕ್ತ ತುಂಬಲು ತಿಂಗಳುಗಳೇ ಬೇಕು.

ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆಯಾದರೂ ಅಂತರವಿರಲಿ. ಕ್ಯಾಲ್ಸಿಯಂ ಮಾತ್ರೆಯೂ ಬೇರೆ ಹೊತ್ತಿಗೆ. ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಒಳ್ಳೆಯದು.

ಊಟದ ವಿಷಯ. ಬೀಟ್‌ರೂಟ್ ಕೆಂಪಗಿದೆ ಅಂತ ದುಡ್ಡು ಸುರಿಯಬೇಕಾಗಿಲ್ಲ, ಅದರಲ್ಲಿ ಕಬ್ಬಿಣ ಅಷ್ಟೇನೂ ಇಲ್ಲ. ಹಿತ್ತಲಿನ ಹರಿವೆ ಸೊಪ್ಪು, ಮೊಳಕೆ ಬರಿಸಿದ ಹುರುಳಿಗೆ ನಿಂಬೆಹುಳಿ ಹಿಂಡಿ ತಿನ್ನಿ. ಮೀನು, ಮಾಂಸದ ಕಬ್ಬಿಣ ಇನ್ನೂ ಸುಲಭವಾಗಿ ಮೈಗೆ ಹಿಡಿಯುತ್ತದೆ. ಆದರೆ ಕೋಳಿ ಮಾಡಿದ ದಿನ ತುಂಡೆಲ್ಲ ಗಂಡ-ಮಕ್ಕಳ ತಟ್ಟೆಗೆ, ಅಮ್ಮನಿಗೆ ತಳದ ಸಾರು! ಇದನ್ನು ಗಂಡಸರೂ ಸ್ವಲ್ಪ ಓದಬೇಕು.

ಮಾತ್ರೆ ಡಬ್ಬವನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಮಿಠಾಯಿ ಅಂತ ಹಲವು ಮಾತ್ರೆ ನುಂಗಿಬಿಟ್ಟರೆ ಅದು ವಿಷ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.