ಊರುಗೋಲಿನ ಪಾಠ

'ಊರು' ಎಂಬ ಧಾತುವಿಗೆ ನೆಲಕ್ಕೆ ಒತ್ತಿ ನಿಲ್ಲಿಸು ಎಂದರ್ಥ. ಹಾಗೆ ಊರಿದಾಗ ಶರೀರದ ಭಾರವನ್ನು ತಾಳತಕ್ಕುದೇ ಊರುಗೋಲು. ಸಂಸ್ಕೃತದಲ್ಲಿ ಇದಕ್ಕೆ ಯಷ್ಟಿಯೆಂದೂ ದಂಡವೆಂದೂ ಹೆಸರುಂಟು. ದಂಡವೆಂಬ ಶಬ್ದಕ್ಕೆ ಶಿಕ್ಷೆಯೆಂಬ ಅರ್ಥವೂ ಇದೆ. ಕನ್ನಡದ ಹೆಸರಿನಲ್ಲಿಯಾದರೋ ಆಸರೆಯ ಅರ್ಥವೊಂದೇ ನಿಂತಿದೆ.

ಪ್ರತಿವರ್ಷವೂ ಯುಗಾದಿಗೆ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೊದಲಾದ ಜಿಲ್ಲೆಗಳ ಭಕ್ತರು ಕಾಲ್ನಡಿಗೆಯಿಂದ ಶ್ರೀಶೈಲಕ್ಕೆ ತೆರಳುವರು. ನಲ್ಲಮಲ ಬೆಟ್ಟಗಳ ಕಲ್ಲುದಾರಿಯಲ್ಲಿ ಊರುಗೋಲು ಮೂರನೆಯ ಕಾಲೇ ಸರಿ. ಆದುದರಿಂದ ಅದನ್ನು ಮಾಡುವ ಕ್ರಮವನ್ನು ನಮ್ಮ ವಿದ್ಯಾರ್ಥಿಗಳು ಅರಿತಿರುವುದು ಲೇಸು.

ಇದಕ್ಕೆ ಒಳಗೆ ಪೊಳ್ಳು ಕಡಮೆಯಿರುವ ಗಟ್ಟಿ ಬಿದಿರು ಉತ್ತಮ. ಕಾಡಿನ ಬಿದಿರನ್ನು ಅಪ್ಪಣೆಯಿಲ್ಲದೆ ಕಡಿಯಲಾಗದು. 1927ರ ಭಾರತೀಯ ಅರಣ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು 'ಮರ'ವೆಂಬ ವ್ಯಾಖ್ಯೆಯಿಂದ ಬಿಟ್ಟುಹೋಗಿದೆ; ಹೊಲದ ಬದುವಿನದನ್ನು ಒಡೆಯನಲ್ಲಿ ಕೇಳಿ ಪಡೆಯಬೇಕು. ಮೂರು ವರ್ಷ ತುಂಬಿದ ಗಳುವನ್ನೇ ಆರಿಸಿ, ಮಳೆಗಾಲ ಕಳೆದ ಮೇಲೆ ಕಡಿಯಬೇಕು. ಕೆಲವು ವಾರ ಹರಿಯುವ ನೀರಿನಲ್ಲಿ ನೆನೆಯಿಟ್ಟರೆ ಒಳಗಿನ ಪಿಷ್ಟವು ಕರಗಿಹೋಗಿ ಹುಳುವಿನ ಬಾಧೆ ಕಡಮೆಯಾಗುವುದು. ಬಳಿಕ ಎರಡು ಮೂರು ತಿಂಗಳು ನೆರಳಿನಲ್ಲಿ ಒಣಗಿಸತಕ್ಕದ್ದು.

ಹಿಡಿತವು ಮೊಣಕೈ ಸಮಕೋನವಾಗಿ ಬಾಗುವ ಎತ್ತರಕ್ಕೆ ಬರಲಿ; ಅದರ ಮೇಲೆ ಒಂದು ಗೇಣು ಉಳಿದಿರಲಿ. ಇಳಿಜಾರಿನಲ್ಲಿ ಕೈಯನ್ನು ಮೇಲಕ್ಕೆ ಸರಿಸಲು ಅದು ಬೇಕು. ಬುಡವನ್ನು ಗೆಣ್ಣಿನ ಕೆಳಗೇ ಕತ್ತರಿಸಿದರೆ ತುದಿ ಮುಚ್ಚಿರುವುದು. ಸೊಟ್ಟಗಿರುವ ಕಡೆ ಕೆಂಡದ ಮೇಲೆ ಹದವಾಗಿ ಕಾಯಿಸಿ ನೇರಮಾಡಬಹುದು.

ಇನ್ನು ಕಲ್ಲಿನ ಕೆಲಸ. ಬಾದಾಮಿಯ ಸುತ್ತಮುತ್ತ ಕೆಂಪು ಮರಳುಗಲ್ಲಿನ ಚೂರುಗಳು ದಾರಿಯಲ್ಲಿಯೇ ದೊರೆಯುವುವು. ಒರಟು ಚೂರಿನಿಂದ ಗೆಣ್ಣಿನ ಏಣುಗಳನ್ನೂ ನಯವಾದುದರಿಂದ ಕೊಯ್ದ ತುದಿಗಳನ್ನೂ ಉಜ್ಜಬೇಕು. ಕೊನೆಗೆ ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲಿನಿಂದ ಒತ್ತಿ ತೀಡಿ, ಅಗಸೆಯೆಣ್ಣೆಯನ್ನು ಸವರಿ ಆರಲು ಬಿಡಬೇಕು. ಹೊರಮೈಯ ಹಸುರು ತೊಗಟೆಯನ್ನು ಮಾತ್ರ ಹೆರೆಯಬಾರದು; ಬಿದಿರಿನ ನಾರುಗಳು ಅಲ್ಲಿಯೇ ದಟ್ಟವಾಗಿದ್ದು ಬಲವೆಲ್ಲ ಅಲ್ಲಿಯೇ ಇದೆ.

ಹೋದ ವರ್ಷ ಒಬ್ಬ ವಿದ್ಯಾರ್ಥಿಯು ಕೋಲಿನ ತಲೆಯಲ್ಲಿ ತೂತು ಕೊರೆದು ಒಂದು ಮಿನುಗುವ ಕಲ್ಲನ್ನು ಕೂರಿಸಬೇಕೆಂದು ಬಯಸಿದನು. ನಾನು ತಡೆದೆನು. ಬಿದಿರು ಉದ್ದಕ್ಕೆ ಸೀಳುವ ಸ್ವಭಾವದ್ದು. ತೂತು ಆ ಸೀಳಿಗೆ ಬಾಗಿಲು. ಅವನು ಮುಖ ಬಾಡಿಸಿದುದನ್ನು ಕಂಡು, ಅದುವರೆಗೆ ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದೆನು.

ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಇದೇ ಯಾತ್ರೆಗಾಗಿ ಹಸಿಬಿದಿರನ್ನು ಕಡಿದು, ಎಂಟೇ ದಿನ ಬಿಸಿಲಿನಲ್ಲಿ ಒಣಗಿಸಿ, ತಲೆಗೆ ಕೆತ್ತನೆ ಮಾಡಿದ್ದೆನು. ನೋಡಿದವರೆಲ್ಲ ಹೊಗಳಿದರು. ಬೆಟ್ಟವೇರುವಾಗ ಬಳಲಿದ ವೃದ್ಧರೊಬ್ಬರಿಗೆ ಅದನ್ನು ಕೊಟ್ಟೆನು. ಒಂದು ಇಳಿಜಾರಿನಲ್ಲಿ ಅದು ಸೀಳಿತು. ಅವರ ಅಂಗೈಯೂ ಸೀಳಿತು. ಕೈಗೆ ಬಟ್ಟೆ ಸುತ್ತಿಕೊಳ್ಳುತ್ತ ಅವರು, "ಕೋಲು ಎಷ್ಟು ದಿನ ಒಣಗಿತ್ತಪ್ಪಾ?" ಎಂದಷ್ಟೇ ಕೇಳಿದರು. ನಾನು ಉತ್ತರ ಕೊಡಲಿಲ್ಲ.

12ನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನವರು ಬಿದಿರಿನ ಕಾಯಕದಿಂದಲೇ ದಾಸೋಹವನ್ನು ನಡೆಸಿದರು. ಕಾಯಕದ ಶುದ್ಧಿಯೆಂದರೆ ಕೊಳ್ಳುವವನ ಕಣ್ಣಿಗೆ ಕಾಣದ ಕಡೆಯಲ್ಲಿಯೂ ವಸ್ತುವು ನಿಜವಾಗಿರುವುದು. ಪರರು ಭಾರವಿಡುವ ವಸ್ತುವಿನಲ್ಲಿ ಆತುರವೂ ದೋಷ, ಆಡಂಬರವೂ ದೋಷ. ಕೋಲನ್ನು ತಿದ್ದಿದ ಕಲ್ಲುಗಳು ಕೋಲಿನಲ್ಲಿ ಕಾಣಿಸುವುದಿಲ್ಲ. ಕೈಗೆ ಮುಳ್ಳು ತಾಗದಿರುವುದೇ ಅವುಗಳ ಗುರುತು.

ಆ ವಿದ್ಯಾರ್ಥಿಯು ಮಿನುಗುವ ಕಲ್ಲನ್ನು ಹೊಳೆಗೆ ಹಿಂದಿರುಗಿಸಿದನು. ಕೋಲನ್ನು ಯುಗಾದಿಯವರೆಗೂ ನೆರಳಿನಲ್ಲಿಟ್ಟು, ಅನಂತರ ತನ್ನ ಅಜ್ಜಿಯ ಕೈಗೆ ಕೊಟ್ಟನು.