ಹಾಲು ಬಿಟ್ಟವಳಿಗೆ ಚಹಾ ಕುರಿತು

ಚಿ. ಪುಟ್ಟಿಗೆ,

ಹಾಲು ಒಗ್ಗುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಬರೀ ಡಿಕಾಕ್ಷನ್ ಕುಡಿಯುತ್ತಿದ್ದೇನೆ, ಎರಡು ಗುಟುಕಿಗೇ ನಾಲಿಗೆ ಒಣಗಿ ಬರುತ್ತದೆ, ಚಹಾವನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ. ಹಾಲಿನ ಚಹಾ ಮಾಡಿ ಪಳಗಿದ ಕೈ ಹಾಲು ಹೋದ ಮೇಲೂ ಹಾಗೇ ನಡೆಯುತ್ತಿದೆ, ಅಷ್ಟೇ ತೊಂದರೆ. ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ಈಗ ಹಾಲು ಬಿಡುತ್ತಿದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಮನೆಗಳಲ್ಲಿ ಚಹಾ ಎಂದರೆ ನೀರು, ಪುಡಿ, ಸಕ್ಕರೆ, ಹಾಲು ಎಲ್ಲವೂ ಒಂದೇ ಪಾತ್ರೆಯಲ್ಲಿ ಉಕ್ಕಿ ಬರಬೇಕು. ಅಂಗಡಿಯಲ್ಲಿ ಸಿಗುವ ಕಾಳಿನಂಥ ಪುಡಿಯೂ ಅದಕ್ಕೆಂದೇ ಆದದ್ದು. ಸಿ.ಟಿ.ಸಿ. ಎಂದು ಅದರ ಹೆಸರು. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ವಿಧಾನವನ್ನು 1930ರ ಸುಮಾರಿಗೆ ಅಸ್ಸಾಮಿನ ಅಮ್ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದರು. ಎಲೆಯ ಜೀವಕೋಶಗಳೆಲ್ಲ ಒಡೆದುಹೋಗಿರುವುದರಿಂದ ಬಿಸಿನೀರು ತಾಕಿದ ಕೂಡಲೇ ಬಣ್ಣ, ಒಗರು ಎಲ್ಲ ಹೊರಗೆ ಬರುತ್ತದೆ. ಆ ಒಗರನ್ನು ಹಾಲಿನ ಕೇಸಿನ್ ಎಂಬ ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಗಂಟೆಗಟ್ಟಲೆ ಒಲೆಯ ಮೇಲೆ ಕುದ್ದ ಹೋಟೆಲಿನ ಡಿಕಾಕ್ಷನ್ನು ಕೂಡ ಹಾಲು ಬಿದ್ದ ಮೇಲೆ ಹಿತವಾಗುತ್ತದೆ. ಹಾಲಿಲ್ಲದಾಗ ಅದೇ ಒಗರು ನಿನ್ನ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹೋಗಿ ಹಿಡಿಯುತ್ತದೆ. ನಾಲಿಗೆ ಒಣಗಿದಂತಾಗುವುದು ಅದರಿಂದ.

ಆದ್ದರಿಂದ ಇನ್ನು ಮುಂದೆ ನೀರನ್ನು ಮಾತ್ರ ಕುದಿಸು, ಎಲೆಯನ್ನು ಕುದಿಸಬೇಡ. ನೀರು ಚೆನ್ನಾಗಿ ಮರಳಿದ ಮೇಲೆ ಒಲೆ ಆರಿಸಿ, ಪುಡಿ ಹಾಕಿ, ತಟ್ಟೆ ಮುಚ್ಚು. ನಾನು ಕೆಲಸ ಮಾಡಿದ ಕೂನೂರಿನ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೋಣೆಗೆ ತಾಗಿಕೊಂಡೇ ರುಚಿ ನೋಡುವ ಕೋಣೆ ಇತ್ತು. ಅಲ್ಲಿ ಸಾಲಾಗಿ ಬಿಳಿ ಬಟ್ಟಲಿಟ್ಟು, ಎಲೆ ತೂಗಿ, ಗಡಿಯಾರ ನೋಡಿಕೊಂಡು ನೀರು ಹಾಕುತ್ತಿದ್ದರು. ರುಚಿ ನೋಡಲು ಹೀಗೆ ಚಹಾ ತಯಾರಿಸುವುದಕ್ಕೆ ಐಎಸ್ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡವೇ 1980ರಲ್ಲಿ ಬಂದಿದೆ: 100 ಮಿಲಿ ಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಆ ಕಡುಚಹಾ ಎಲೆಯ ಗುಣ ದೋಷಗಳನ್ನೆಲ್ಲ ಹೊರಗೆಳೆಯುವುದಕ್ಕೆ, ಗುಟುಕರಿಸಿ ಉಗುಳುವವರಿಗೆ. ಕುಡಿಯುವವರಿಗೆ ಅದರ ಅರ್ಧ ಸಾಕು. ಒಂದು ದೊಡ್ಡ ಲೋಟ ನೀರಿಗೆ ಒಂದು ಚಿಕ್ಕ ಚಮಚ, 3 ನಿಮಿಷ, ತಕ್ಷಣ ಸೋಸು. ಗಟ್ಟಿ ಬೇಕೆನಿಸಿದರೆ ಎಲೆ ಹೆಚ್ಚು ಹಾಕು, ಹೊತ್ತು ಹೆಚ್ಚಿಸಬೇಡ. ಕೆಫೀನು ಬೇಗ ಇಳಿಯುತ್ತದೆ, ಒಗರು ನಿಧಾನಕ್ಕೆ ಇಳಿಯುತ್ತ ಹೋಗುತ್ತದೆ. ಫೋನು ಬಂತೆಂದು ಲೋಟವನ್ನು ಎಲೆಯ ಸಮೇತ ಮರೆತರೆ ಆ ಚಹಾವನ್ನು ಸಕ್ಕರೆಯೂ ಉಳಿಸದು.

ಬೆಂಗಳೂರಿನಲ್ಲಿದ್ದೀಯಾದ್ದರಿಂದ ನೀರಿನ ವಿಷಯ ಮುಖ್ಯ. ನಿಮ್ಮ ಪಿ.ಜಿ.ಯಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ ನೀರೋ ಕಾವೇರಿಯೋ ವಿಚಾರಿಸು. ಗಡಸು ನೀರಿನಲ್ಲಿ ಚಹಾ ಮಂಕಾಗಿ ಕಪ್ಪಗಾಗುತ್ತದೆ, ಪರಿಮಳ ಏಳುವುದಿಲ್ಲ, ಮೇಲೆ ತೆಳುವಾದ ಪೊರೆ ಕಟ್ಟಿ ಲೋಟದ ಅಂಚಿಗೆ ಕಲೆ ಹಿಡಿಯುತ್ತದೆ. ನೀರಿನ ಸುಣ್ಣದಂಶ ಚಹಾದ ಜೊತೆ ಸೇರಿ ಆಗುವ ಪೊರೆ ಅದು. ಹಾಲಿನ ಚಹಾದಲ್ಲಿ ಇದ್ಯಾವುದೂ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕುಡಿಯುವ ಕ್ಯಾನ್ ನೀರಿನಲ್ಲಿ ಒಮ್ಮೆ ಮಾಡಿ ನೋಡು, ಅದೇ ಪುಡಿ ಬೇರೆಯೇ ಚಹಾ ಕೊಡುತ್ತದೆ. ನಾಲ್ಕು ಹನಿ ನಿಂಬೆರಸ ಬಿದ್ದರೆ ಪೊರೆ ಕರಗಿ ಬಣ್ಣವೂ ತಿಳಿಯಾಗುತ್ತದೆ. ನಿಂಬೆಯನ್ನು ಸೋಸಿದ ಮೇಲೆಯೇ ಹಿಂಡು.

ಎಲೆಯ ಮಾತಿಗೆ ಬರುತ್ತೇನೆ, ಇದು ನನಗೆ ಬಲು ಪ್ರೀತಿಯದು. ಹಾಲು ಬೇಡವೆಂದಾದ ಮೇಲೆ ಆರ್ಥೊಡಾಕ್ಸ್ ಎಲೆ ಕೊಳ್ಳು. ಎರಡೆಲೆ, ಒಂದು ಕುಡಿ ಕಿತ್ತು, ಬಾಡಿಸಿ, ಹೊಸೆದು, ಗಾಳಿಗೆ ಹದಗೊಳಿಸಿ ಒಣಗಿಸಿದ್ದು. ಎಲೆಯ ರೂಪ ಉಳಿದಿರುತ್ತದೆ, ರಸ ನಿಧಾನಕ್ಕೆ ಬಿಡುತ್ತದೆ. ನೀಲಗಿರಿಯಲ್ಲಿ ವರ್ಷವಿಡೀ ಕೊಯ್ಲು ನಡೆದರೂ ಡಿಸೆಂಬರಿನಿಂದ ಫೆಬ್ರವರಿವರೆಗಿನ ಚಳಿಯಲ್ಲಿ ಚಿಗುರು ತಡೆದು ತಡೆದು ಬರುತ್ತದಲ್ಲ, ಆ ಎಲೆಯ ಪರಿಮಳವೇ ಬೇರೆ. ಇಬ್ಬನಿ ಹೆಪ್ಪುಗಟ್ಟುವ ದಿನಗಳ ಎಲೆಗೆ ಫ್ರಾಸ್ಟ್ ಟೀ ಎಂದೇ ಹೆಸರು. ಡಾರ್ಜಿಲಿಂಗಿನ ಮಾರ್ಚ್-ಏಪ್ರಿಲ್ ಕೊಯ್ಲು ತಿಳಿ ಬಣ್ಣದ್ದು, ಮೇ-ಜೂನಿನದು ತುಂಬಿದ ರುಚಿಯದು; ಎರಡೂ ದುಬಾರಿ. ಅಸ್ಸಾಂ ಎಲೆ ಗಡುಸು. ಅದರ ಚಹಾ ಆರಿದಾಗ ಮಬ್ಬಾದರೆ ಕೆಟ್ಟಿತೆಂದು ಚೆಲ್ಲಬೇಡ, ಕೆಫೀನು ಮತ್ತು ಥಿಯಾಫ್ಲೇವಿನ್ ಎಂಬ ಒಗರಿನ ಅಂಶ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ, ಸತ್ವವಿದ್ದ ಎಲೆಗೇ ಆಗುವುದು. ಕಾಫಿಯ ಸೀಮೆ ಎಂದುಕೊಂಡ ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಚಹಾ ತೋಟಗಳಿವೆ. ಕೆಳಗೂರಿನ ಚಹಾ ಸಿಕ್ಕರೆ ತಂದು ನೋಡು. ಯಾವುದೇ ಆಗಲಿ ನೂರು ಗ್ರಾಂಗಿಂತ ಹೆಚ್ಚು ಒಮ್ಮೆಗೆ ತರಬೇಡ. ಚಹಾ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಇಂಗು, ಸಾರಿನ ಪುಡಿಯ ಶೆಲ್ಫಿನಲ್ಲಿ ಅದರ ಡಬ್ಬಿ ಬೇಡ. ಒಳ್ಳೆಯ ಎಲೆಗೆ ಶುಂಠಿ, ಏಲಕ್ಕಿ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಬಿಡಿಯಾಗಿ ಮಾರುವ ಪುಡಿಯ ಮೇಲೆ ಅನುಮಾನವಿದ್ದರೆ ಚಿಟಿಕೆಯನ್ನು ತಣ್ಣೀರಿಗೆ ಉದುರಿಸು. ಹಾಕುತ್ತಿದ್ದಂತೆ ಕೆಂಪು ಗೆರೆ ಗೆರೆಯಾಗಿ ಇಳಿದರೆ ಬಣ್ಣ ಕಲಸಿದ್ದಾರೆ ಎಂದರ್ಥ.

ಈಗ ನಾನು ಬಹಳ ಗಟ್ಟಿಯಾಗಿ ಹೇಳಬೇಕಾದ ಒಂದು ಮಾತು. ಊಟದ ಜೊತೆಗೆ, ಊಟವಾದ ಕೂಡಲೇ ಕುಡಿಯಬೇಡ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ಚಹಾದ ಒಗರು ಕಟ್ಟಿಹಾಕುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ನೀನು ಮಾಂಸ ತಿನ್ನುವವಳಲ್ಲ. ನಿನಗೆ ಕಬ್ಬಿಣ ಬರುವುದೇ ಇವುಗಳಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಹೋದ ವರ್ಷ ನಿನ್ನ ರಕ್ತ ಪರೀಕ್ಷೆಯ ಚೀಟಿ ನೋಡಿ ನಿಮ್ಮಮ್ಮ ಎಷ್ಟು ಕಳವಳಪಟ್ಟಳೆಂದು ನನಗೆ ಗೊತ್ತು. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡುವಿರಲಿ, ತಟ್ಟೆಯಲ್ಲಿ ನಿಂಬೆಹೋಳು ಇರಲಿ. ಬೆಳಿಗ್ಗೆ ಬರಿಹೊಟ್ಟೆಗೂ ಬೇಡ. ಉರಿಯುತ್ತದೆ ಎಂದಿದ್ದೀಯಲ್ಲ, ಎರಡು ರಸ್ಕಾದರೂ ತಿಂದು ಕುಡಿ. ಸುಡುಸುಡುವಾಗಿ ಕುಡಿಯುವ ಚಪಲವನ್ನೂ ಬಿಡು. 65 ಡಿಗ್ರಿ ಮೀರಿದ ಬಿಸಿ ಪಾನೀಯಗಳು ಅನ್ನನಾಳಕ್ಕೆ ಕೇಡು ತರುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಹೇಳಿದೆ.

ಹಾಲಿಲ್ಲದ ಚಹಾ ಎಂದರೆ ಪಥ್ಯ, ಬಡತನ ಎಂದು ಯಾರಾದರೂ ಕನಿಕರಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಸ್ಸಾಮಿನಲ್ಲಿ ಲಾಲ್ ಸಾಹ್, ಕೇರಳದಲ್ಲಿ ಕಟ್ಟನ್ ಚಾಯ, ನಮ್ಮ ದಕ್ಷಿಣ ಕನ್ನಡದಲ್ಲಿ ಕಣ್ಣ ಚಾಯ. ಜನ ಅದನ್ನು ಇಷ್ಟಪಟ್ಟೇ ಕುಡಿಯುತ್ತಾರೆ. ಹಾಗೆಂದು ಹಾಲಿನ ಚಹಾ ಕುಡಿಯುವವರಿಗೆ ನೀನು ಪಾಠ ಹೇಳಲು ಹೋಗಬೇಡ. ನೆಂಟರ ಮನೆಗೆ ಹೋದಾಗ ಅವರು ಒಲೆ ಹಚ್ಚುವ ಮೊದಲೇ ಅಡುಗೆಮನೆಗೆ ಹೋಗಿ, ಹಾಲು ಹಾಕುವ ಮುಂಚೆ ನನ್ನ ಲೋಟಕ್ಕೆ ಸೋಸಿಬಿಡಿ ಅತ್ತೆ ಎಂದು ಹೇಳು. ಮಾಡಿಟ್ಟ ಮೇಲೆ ಬೇಡವೆಂದರೆ ಯಾರಿಗಾದರೂ ನೋವಾಗುತ್ತದೆ.

ಸಕ್ಕರೆಯನ್ನು ಒಮ್ಮೆಗೇ ನಿಲ್ಲಿಸಬೇಕಿಲ್ಲ. ವಾರಕ್ಕೆ ಕಾಲು ಚಮಚ ಇಳಿಸುತ್ತ ಬಾ. ಚಳಿಗಾಲದ ನೀಲಗಿರಿ ಎಲೆ ನೂರು ಗ್ರಾಂ ನಿಮ್ಮಪ್ಪನ ಕೈಲಿ ಕಳಿಸುತ್ತಿದ್ದೇನೆ. ಅದಕ್ಕೆ ಸಕ್ಕರೆ ಬೇಕೆನಿಸಿತೋ ಇಲ್ಲವೋ ಬರೆದು ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ